ಶಾಸ್ತ್ರದ ಭಾಷೆಯೂ ಮನೆಯ ಭಾಷೆಯೂ: ಬೀದರ ಸೀಮೆಯ ಒಂದು ಚರಿತ್ರಾವಲೋಕನ

ತತ್ತ್ವಶಾಸ್ತ್ರವೆಂಬುದು ವಿದ್ಯಾಪೀಠದ ನಾಲ್ಕು ಗೋಡೆಗಳೊಳಗಿನ ವಸ್ತುವೆಂದೂ, ರಾಜಕಾರಣವೆಂಬುದು ದರಬಾರು ಕಚೇರಿಗಳ ವ್ಯವಹಾರವೆಂದೂ, ಹೊಲ ಒಲೆ ಮಗ್ಗಗಳ ನಿತ್ಯಜೀವನಕ್ಕೆ ಇವೆರಡರ ನಂಟೂ ಇಲ್ಲವೆಂದೂ ತಿಳಿಯುವವರು ಪಂಡಿತರಲ್ಲಿಯೂ ಉಂಟು, ಪಾಮರರಲ್ಲಿಯೂ ಉಂಟು. ಬೀದರ, ಭಾಲ್ಕಿ, ಔರಾದಗಳ ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ಹಾಗೆ ತಿಳಿಯಲು ಎಡೆಯಿಲ್ಲ. ಈ ಸೀಮೆಯಲ್ಲಿ ತತ್ತ್ವವಿಚಾರವು ಯಾವ ಕಾಲದಲ್ಲಿ ತಲೆಯೆತ್ತಿದರೂ ಅದರ ಬಾಗಿಲಲ್ಲಿ ಎರಡು ಪ್ರಶ್ನೆಗಳು ಕಾದು ನಿಂತಿರುವವು: ಇಲ್ಲಿ ಕುಳಿತುಕೊಳ್ಳಲು ಯಾರಿಗೆ ಅಧಿಕಾರ? ಇಲ್ಲಿ ಮಾತನಾಡುವದು ಯಾವ ಭಾಷೆಯಲ್ಲಿ? ಈ ಎರಡಕ್ಕೂ ಕೊಟ್ಟ ಉತ್ತರದಿಂದಲೇ ಆಯಾ ಕಾಲದ ಶಾಸ್ತ್ರದ ಬೆಲೆಯನ್ನು ಕಟ್ಟಬಹುದೆಂದು ನನ್ನ ಮತ.

ಕಲ್ಯಾಣದ ಕಥೆ ಈ ಸಂಪುಟದ ವಾಚಕರಿಗೆ ಹೊಸತಲ್ಲ. ಬಿಜ್ಜಳನ ಆಳಿಕೆಯಲ್ಲಿ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಮಡಿವಾಳನಿದ್ದನು, ಅಂಬಿಗನಿದ್ದನು, ಹಗ್ಗ ಹೊಸೆಯುವವನಿದ್ದನು, ಕಟ್ಟಿಗೆ ಮಾರುವವನಿದ್ದನು. ಇವರೆಲ್ಲ ಅಲ್ಲಿ ಕೇಳುಗರಾಗಿ ಕೂಡಲಿಲ್ಲ, ವಾದಿಗಳಾಗಿ ಕೂತರು. ಅವರ ಮಾತು ಕನ್ನಡದಲ್ಲಿ ನಡೆಯಿತು. ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಮಾತ್ರ ಇಲ್ಲಿ ನೆನೆಯುವೆನು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಆತನ ಕಾಯಕ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿಯಾದ ಲಕ್ಕಮ್ಮ ಅದನ್ನು ಒಲೆಯ ಬಳಿ ಸೇರಿಸದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದಳು. ಹೆಚ್ಚುವರಿ ಧಾನ್ಯ ಯಾರದು, ಅದನ್ನು ಮನೆಯಲ್ಲಿ ಕೂಡಿಡುವದು ಭಕ್ತಿಯೋ ಆಶೆಯೋ ಎಂಬ ಪ್ರಶ್ನೆಯನ್ನು ಇಂದಿನ ಅರ್ಥಶಾಸ್ತ್ರಜ್ಞರು ದೊಡ್ಡ ಗ್ರಂಥಗಳಲ್ಲಿ ಚರ್ಚಿಸುವರು. ಲಕ್ಕಮ್ಮನು ಅದನ್ನು ಮೊರದ ಮುಂದೆ ಕುಳಿತು ತೀರ್ಮಾನಿಸಿದಳು. ಹದಿನೈದನೆಯ ಶತಮಾನದಿಂದ ಮುಂದೆ ಶೂನ್ಯಸಂಪಾದನೆಗಳನ್ನು ಸಂಕಲಿಸಿದ ಮಹನೀಯರು ಈ ಪ್ರಸಂಗವನ್ನು ಅಲ್ಲಮಪ್ರಭುವಿನ ಅತ್ಯಂತ ಗಹನವಾದ ಸಂವಾದಗಳ ಸಾಲಿನಲ್ಲಿಯೇ ಇರಿಸಿರುವರು. ಅವರ ಕಣ್ಣಿಗೆ ಇದು ಮನೆವಾರ್ತೆಯಾಗಿ ತೋರಲಿಲ್ಲ, ತತ್ತ್ವವಾಗಿಯೇ ತೋರಿತು.

ಆ ಸಂಕಲನಗಳು ಸಿದ್ಧವಾಗುತ್ತಿದ್ದ ಶತಮಾನದಲ್ಲಿಯೇ ಬೀದರ ಪಟ್ಟಣದಲ್ಲಿ ಬೇರೊಂದು ವಿದ್ಯಾಮಂದಿರ ಎದ್ದಿತು. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಖ್ವಾಜಾ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾವನ್ನು ಇಂದಿಗೂ ಪಟ್ಟಣದ ನಡುವೆ ಕಾಣಬಹುದು. ಮೂರಂತಸ್ತಿನ ಕಟ್ಟಡ, ಮುಖಭಿತ್ತಿಯ ಮೇಲೆ ಪರ್ಶಿಯಾದೇಶದ ಪದ್ಧತಿಯ ಬಣ್ಣದ ಹೆಂಚುಗಳ ಕೆಲಸ, ಉಳಿದಿರುವ ಒಂದೇ ಮಿನಾರು. ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಅಲ್ಲಿತ್ತೆಂದು ಇತಿಹಾಸಕಾರರು ಹೇಳುವರು. ಹಿರಾತದ ಪ್ರಸಿದ್ಧ ಕವಿಯೂ ತತ್ತ್ವಜ್ಞನೂ ಆದ ಜಾಮಿಯವರೊಡನೆ ಗವಾನನಿಗೆ ಪತ್ರವ್ಯವಹಾರವಿತ್ತು. ಬೀದರಿಗೆ ಬರಬೇಕೆಂದು ಆತನು ಕರೆದನು, ಅವರು ಬರಲಿಲ್ಲ. ವ್ಯಾಪಾರಿಯಾಗಿ ಈ ನಾಡಿಗೆ ಬಂದ ಗವಾನನು ಮಂತ್ರಿಪದವಿಯಲ್ಲಿದ್ದಾಗಲೂ ತನ್ನ ಊಟದ ವೆಚ್ಚವನ್ನು ಸ್ವಂತ ವ್ಯಾಪಾರದ ಗಳಿಕೆಯಿಂದಲೇ ನಡೆಸುತ್ತಿದ್ದನೆಂದೂ, ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದನೆಂದೂ ಫರಿಷ್ತಾ ಬರೆದಿರುವನು. ಕಾಯಕದ ಅನ್ನವನ್ನು ಬಲ್ಲವರು ಇದನ್ನು ಓದಿ ಸುಮ್ಮನಿರಲಾರರು. ಆದರೆ 1481ರಲ್ಲಿ ವಿರೋಧಿಗಳು ಆತನ ಮುದ್ರೆಯೊತ್ತಿದ ಹಾಳೆಯ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ಸುಳ್ಳು ಪತ್ರವನ್ನು ಸೃಷ್ಟಿಸಿದರು. ಸುಲ್ತಾನ ಮೂರನೆಯ ಮಹಮ್ಮದನು ವಿಚಾರಣೆಯಿಲ್ಲದೆ ಆ ವೃದ್ಧನ ತಲೆಯನ್ನು ತೆಗೆಸಿದನು. ಔರಂಗಜೇಬನ ಕಾಲಕ್ಕೆ ಮದರಸಾ ಮದ್ದುಗುಂಡಿನ ಉಗ್ರಾಣವಾಗಿ, ಸಿಡಿದು ಅರ್ಧ ಬಿದ್ದಿತು.

ಗವಾನನ ಸಜ್ಜನಿಕೆಯ ವಿಷಯದಲ್ಲಿ ನನಗೆ ಸಂಶಯವಿಲ್ಲ. ಆದರೆ ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ಆ ಮದರಸಾಕ್ಕೆ ಹಾಕಿದರೆ ಉತ್ತರ ಸಂಕುಚಿತವಾಗುವದು. ಅಲ್ಲಿಯ ಪಾಠ ಅರಬ್ಬಿ ಪಾರಸಿಗಳಲ್ಲಿ ನಡೆಯಿತು. ಸುತ್ತಲಿನ ಹಳ್ಳಿಯ ಒಕ್ಕಲಿಗನ ಮಗನಿಗೆ ಆ ಹೆಂಚುಗಳ ಮೇಲಿನ ಅಕ್ಷರ ಚಿತ್ತಾರವಾಗಿ ಮಾತ್ರ ಕಂಡಿರಬೇಕು. ಇದರಲ್ಲಿ ಮುಸಲ್ಮಾನ ಪಂಡಿತರನ್ನು ಮಾತ್ರ ದೂರುವದು ನ್ಯಾಯವಲ್ಲ. ಅದೇ ಕಾಲದ ಸಂಸ್ಕೃತ ಪಾಠಶಾಲೆಗಳ ಬಾಗಿಲೂ ಆ ಮಗುವಿಗೆ ಅಷ್ಟೇ ಎತ್ತರದಲ್ಲಿತ್ತು.

ಜನರ ನಡುವೆ ಮಾತ್ರ ಬೇರೆಯದೇ ವ್ಯವಹಾರ ನಡೆದಿತ್ತು. ಬೀದರಕ್ಕೆ ಸಮೀಪದ ಅಷ್ಟೂರಿನಲ್ಲಿ 1436ರಲ್ಲಿ ಸಮಾಧಿಯಾದ ಅಹಮದ ಶಾಹ ವಲಿಯ ಗುಮ್ಮಟವಿರುವದು. ಅದರ ಒಳಗೋಡೆಗಳ ಮೇಲೆ ಸೂಫಿಗುರು ಶಾಹ ನಿಯಾಮತುಲ್ಲಾ ವಲಿಯ ಉಪದೇಶಗಳು ಬಂಗಾರದ ಬಣ್ಣದಲ್ಲಿ ಬರೆಯಲ್ಪಟ್ಟಿರುವವು. ಆ ಬರಹವನ್ನು ಓದಬಲ್ಲವರು ವಿರಳ. ಆದರೆ ವರ್ಷವರ್ಷವೂ ನಡೆಯುವ ಉರುಸಿಗೆ ಮಾಡ್ಯಾಳದಿಂದ ಜಂಗಮರೊಬ್ಬರು ಪರಿವಾರದೊಡನೆ ಬಂದು ಶಂಖವನ್ನೂದುವ ಪದ್ಧತಿ ನಡೆದು ಬಂದಿರುವದು. ಹಿಂದೂಗಳು ಆ ಸುಲ್ತಾನನನ್ನು ಅಲ್ಲಮಪ್ರಭುವೆಂದೇ ಕರೆಯುವರು. ಸತ್ಯವು ಒಂದೇ ಎಂಬ ಸಿದ್ಧಾಂತವನ್ನು ಗೋಡೆಯ ಮೇಲೆ ಪಾರಸಿಯಲ್ಲಿ ಬರೆದವರೊಬ್ಬರು, ಅದನ್ನು ಓದದೆಯೇ ಜಾತ್ರೆಯಲ್ಲಿ ನಡೆಸಿ ತೋರಿಸಿದವರು ಮತ್ತೊಬ್ಬರು. ಮುಂದೆ ಉರ್ದುವಿನ ವಿಷಯ ಬರುವದರಿಂದ ಇದನ್ನು ಇಲ್ಲಿಯೇ ಹೇಳಿಬಿಡುವದು ಅಗತ್ಯವಾಯಿತು. ಈ ಸೀಮೆಯ ಕನ್ನಡಿಗನ ತಕರಾರು ನೆರೆಮನೆಯವನ ಮಾತಿನೊಡನೆ ಎಂದೂ ಇರಲಿಲ್ಲ.

ತಕರಾರು ಸರಕಾರದ ಭಾಷಾನೀತಿಯೊಡನೆ ಇತ್ತು. ನಿಜಾಮರ ರಾಜ್ಯದಲ್ಲಿ 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಕಚೇರಿಯ ಅರ್ಜಿ, ನ್ಯಾಯಾಲಯದ ತೀರ್ಪು, ಪೋಲೀಸಿನ ಠಾಣೆ, ಎಲ್ಲವೂ ಉರ್ದುವಿನಲ್ಲಿ. ಆ ರಾಜ್ಯದಲ್ಲಿ ಉರ್ದು ಮನೆಮಾತಾಗಿದ್ದವರು ಸುಮಾರು ಹತ್ತರಲ್ಲೊಂದು ಪಾಲು. ಉಳಿದವರು ತೆಲುಗು, ಮರಾಠಿ, ಕನ್ನಡಗಳನ್ನಾಡುವವರು. ತನ್ನ ಹೊಲದ ಮೇರೆಯನ್ನು ಕುರಿತ ಕಾಗದವನ್ನು ತಾನೇ ಓದಲಾರದ ರೈತನು ಓದಬಲ್ಲವನ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಭಾಷೆಯ ಅಧಿಕಾರವು ನಿತ್ಯಜೀವನದಲ್ಲಿ ಹೇಗೆ ಕೆಲಸ ಮಾಡುವದೆಂಬುದನ್ನು ತಿಳಿಯಲು ಇದಕ್ಕಿಂತ ದೊಡ್ಡ ಗ್ರಂಥ ಬೇಕಿಲ್ಲ.

ಇಂಥ ರಾಜ್ಯದಲ್ಲಿಯೇ ಭಾರತದ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಸ್ಮರಣೀಯವಾದ ಒಂದು ಸಾಹಸ ನಡೆಯಿತು. 1917ರಲ್ಲಿ ಫರಮಾನಾಗಿ, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದನ್ನು ಉಚ್ಚ ಶಿಕ್ಷಣದ ಮಾಧ್ಯಮವಾಗಿ ಅಂಗೀಕರಿಸಿತು. ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಮಾತ್ರವಲ್ಲ, ಕನ್ನಡದ ಅರಸರೇ ಆಳುತ್ತಿದ್ದ ಮೈಸೂರಿನಲ್ಲಿಯೂ ತತ್ತ್ವಶಾಸ್ತ್ರದ ಪಾಠ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದ ಕಾಲ ಅದು. ರಾಧಾಕೃಷ್ಣನ್ನರು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದುದು ಆ ವರ್ಷಗಳಲ್ಲಿಯೇ. ಹೈದರಾಬಾದಿನಲ್ಲಿ ದಾರುಲ್ ತರ್ಜುಮಾ ಎಂಬ ಭಾಷಾಂತರ ಶಾಖೆ ತೆರೆಯಲ್ಪಟ್ಟಿತು. ಗಣಿತ, ವೈದ್ಯ, ನ್ಯಾಯ, ಇತಿಹಾಸಗಳೊಡನೆ ತತ್ತ್ವಶಾಸ್ತ್ರದ ಗ್ರಂಥಗಳೂ ಅಲ್ಲಿ ಉರ್ದುವಿಗಿಳಿದವು. ಪರಿಭಾಷೆಗಾಗಿ ಪಂಡಿತರು ಒಂದೊಂದು ಪದದ ಮೇಲೆ ದಿನಗಟ್ಟಲೆ ವಾದಿಸಿದರು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಜಲಾಲುದ್ದೀನ ರೂಮಿಯ ತತ್ತ್ವವನ್ನು ಕುರಿತು 1925ರಲ್ಲಿ ಡಾಕ್ಟರ ಪದವಿಯನ್ನು ಪಡೆದು ಬಂದ ಖಲೀಫಾ ಅಬ್ದುಲ್ ಹಕೀಮರು ಅಲ್ಲಿ ಪ್ರಾಧ್ಯಾಪಕರಾಗಿದ್ದು, ಪಾಶ್ಚಾತ್ಯ ತತ್ತ್ವಶಾಸ್ತ್ರದ ಚರಿತ್ರೆಯನ್ನು ಉರ್ದು ವಿದ್ಯಾರ್ಥಿಗಳಿಗೆ ತಂದುಕೊಟ್ಟರು. ಪರಭಾಷೆಯ ಸಂಕೋಲೆ ಕಳಚಿತೆಂದು ರವೀಂದ್ರನಾಥ ಠಾಕೂರರು ಈ ಸಾಹಸವನ್ನು ಹರಸಿದ್ದರು. ಆ ಹರಕೆ ಯೋಗ್ಯವಾದುದೇ ಸರಿ. ಕಾಂಟ, ಹೆಗೆಲ್, ಅರಿಸ್ಟಾಟಲರು ಇಂಗ್ಲಿಷಿನ ಹೊರಗೆ ಭಾರತೀಯ ಭಾಷೆಯೊಂದರಲ್ಲಿ ಬಾಳಬಲ್ಲರೆಂದು ಹೈದರಾಬಾದು ಲೋಕಕ್ಕೆ ತೋರಿಸಿಕೊಟ್ಟಿತು.

ತೋರಿಸಿಕೊಟ್ಟವರೇ ಆ ನ್ಯಾಯವನ್ನು ಇತರರಿಗೆ ಅನ್ವಯಿಸಲಿಲ್ಲ. ಮಗುವಿನ ಬುದ್ಧಿ ಅರಳುವದು ತಾಯ್ನುಡಿಯಲ್ಲಿಯೇ ಎಂಬ ಪ್ರಮಾಣದಿಂದ ವಿಶ್ವವಿದ್ಯಾನಿಲಯ ಹುಟ್ಟಿತು. ಆದರೆ ತಾಯ್ನುಡಿಯೆಂದರೆ ಉರ್ದು ಎಂದು ಸರಕಾರ ಅರ್ಥ ಮಾಡಿತು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ನಿಯಮದ ಮೇಲೆ ಎಡೆಯಿದ್ದರೂ, ಅದನ್ನು ದಾಟಿ ಮುಂದೆ ಹೋಗಬೇಕೆಂಬ ಭಾಲ್ಕಿಯ ಹುಡುಗನಿಗೆ ಉರ್ದುವಲ್ಲದೆ ಗತಿಯಿರಲಿಲ್ಲ. ಖಾಸಗಿಯಾಗಿ ಶಾಲೆ ತೆರೆಯಲು ಸರಕಾರದ ಪೂರ್ವಾನುಮತಿ ಬೇಕಿತ್ತು, ಅದು ಸುಲಭವಾಗಿ ದೊರೆಯುತ್ತಿರಲಿಲ್ಲ. 1929ರ ಐವತ್ತಮೂರನೆಯ ಗಸ್ತಿ ಹುಕುಮು ಸಭೆ ಕೂಡುವದಕ್ಕೂ ಅಪ್ಪಣೆ ಬೇಕೆಂದು ವಿಧಿಸಿತು. ತರ್ಕಶಾಸ್ತ್ರವನ್ನು ಓದಿದ ಯಾವ ವಿದ್ಯಾರ್ಥಿಯಾದರೂ ಇಲ್ಲಿಯ ಹೇತ್ವಾಭಾಸವನ್ನು ಗುರುತಿಸಬಲ್ಲನು. ಆದರೆ ತರ್ಕದ ಪಾಠ ನಡೆಯುತ್ತಿದ್ದ ಕೊಠಡಿಗೂ ಹುಕುಮು ಹೊರಡುತ್ತಿದ್ದ ಕಚೇರಿಗೂ ನಡುವೆ ಬಾಗಿಲಿರಲಿಲ್ಲ.

ಈ ಸಂದರ್ಭದಲ್ಲಿಯೇ ಭಾಲ್ಕಿ ಹಿರೇಮಠದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರ ಕಾರ್ಯವನ್ನು ಅರಿಯಬೇಕು. ಅವರ ಜನ್ಮಸ್ಥಳ ಕಮಲನಗರ. ಆಗ ಔರಾದ ಸೀಮೆಗೆ ಸೇರಿದ, ಮರಾಠಿಯೂ ಕನ್ನಡವೂ ಒಂದೇ ಅಂಗಳದಲ್ಲಿ ಕೇಳಿಬರುವ ಊರು. ಶತಾಯುಷ್ಯವನ್ನು ದಾಟಿ ಬಾಳಿ, 1999ರಲ್ಲಿ ಲಿಂಗೈಕ್ಯರಾದ ಈ ಮಹನೀಯರು ನಿಜಾಮರ ಕಾಲದಲ್ಲಿ ಕಮಲನಗರ ಭಾಲ್ಕಿಗಳಲ್ಲಿ ಕನ್ನಡ ಶಾಲೆಗಳನ್ನು ನಡೆಸಿದರು. ಜೋಳಿಗೆ ಹಿಡಿದು ಊರೂರು ತಿರುಗಿ ತಂದ ಕಾಳುಕಡಿಯಿಂದ ದೂರದ ಹಳ್ಳಿಗಳ ಬಡಮಕ್ಕಳನ್ನು ಜಾತಿಭೇದವೆಣಿಸದೆ ಮಠದಲ್ಲಿ ಇರಿಸಿಕೊಂಡು, ಉಣಿಸಿ ಓದಿಸಿದರು. ಆ ಶಾಲೆಯ ಹೊರಗೆ ತೂಗುತ್ತಿದ್ದುದು ಉರ್ದು ಹಲಗೆ, ಒಳಗೆ ನಡೆಯುತ್ತಿದ್ದುದು ಕನ್ನಡದ ಪಾಠ. ಈ ಸಂಗತಿಯನ್ನು ಬೀದರ ಜಿಲ್ಲೆಯ ಪ್ರತಿಯೊಂದು ಮನೆಯೂ ಬಲ್ಲುದು, ಹೇಳುವಾಗ ನಗುವರು. ನಗುವ ಮಾತೇನೋ ಹೌದು. ಆದರೆ ಈ ಹಲಗೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿರುವದು. ಅದರ ಹಿಂದೆ ಇರುವ ಪ್ರಶ್ನೆ ನಗುವಷ್ಟು ಸುಲಭವಲ್ಲ.

ಸತ್ಯವನ್ನೇ ಉಸಿರೆಂದು ಬಗೆದ ಪರಂಪರೆಯ ಗುರುವೊಬ್ಬರು ತಮ್ಮ ಬಾಗಿಲಿಗೆ ದಿಟವಲ್ಲದ ಹಲಗೆಯನ್ನು ತೂಗಹಾಕಬಹುದೆ? ಜರ್ಮನಿಯ ಕಾಂಟನು 1797ರಲ್ಲಿ ಬರೆದ ಒಂದು ಲೇಖದಲ್ಲಿ ಇಂಥ ಪ್ರಶ್ನೆಗೆ ಕಠಿಣವಾದ ಉತ್ತರ ಕೊಟ್ಟಿರುವನು. ಕೊಲೆಗಾರನು ಬಾಗಿಲಿಗೆ ಬಂದು, ಮನೆಯಲ್ಲಿ ಅಡಗಿರುವ ಗೆಳೆಯನನ್ನು ಕುರಿತು ಕೇಳಿದರೂ ಸುಳ್ಳಾಡಲಾಗದೆಂಬುದು ಆತನ ಸಿದ್ಧಾಂತ. ಫ್ರಾನ್ಸಿನ ಬೆಂಜಮಿನ್ ಕೋನ್‌ಸ್ತಾಂ ಎಂಬವನ ವಾದಕ್ಕೆ ಅದು ಉತ್ತರವಾಗಿತ್ತು. ಸತ್ಯವನ್ನು ಕೇಳುವ ಹಕ್ಕು ಯಾರಿಗಿರುವದೋ ಅವರಿಗೆ ಮಾತ್ರ ಸತ್ಯವನ್ನಾಡುವದು ಕರ್ತವ್ಯವೆಂದು ಕೋನ್‌ಸ್ತಾಂ ವಾದಿಸಿದ್ದನು. ಇಬ್ಬರ ವಾದವನ್ನೂ ಮುಂದಿಟ್ಟುಕೊಂಡು ವಿದ್ಯಾಪೀಠಗಳಲ್ಲಿ ಇನ್ನೂ ಚರ್ಚೆ ನಡೆದಿರುವದು.

ಭಾಲ್ಕಿಯ ಹಲಗೆಯನ್ನು ನೋಡಿದರೆ ನನಗೆ ಕಾಂಟನ ವಾದದಲ್ಲಿ ಒಂದು ಕೊರತೆ ಕಾಣುವದು. ಮಾತನಾಡುವವನೂ ಕೇಳುವವನೂ ಸರಿಸಮಾನರಾಗಿ ನಿಂತಿರುವರೆಂದು ಆತನು ಎಣಿಸಿಕೊಂಡಂತಿದೆ. ಇಲ್ಲಿ ಪರೀಕ್ಷಿಸಲು ಬಂದ ಅಧಿಕಾರಿಗೆ ಆಜ್ಞೆಯಿತ್ತು, ಮಠಕ್ಕೆ ಕೇಳಿಕೊಳ್ಳುವ ನಾಲಗೆಯೂ ಇರಲಿಲ್ಲ. ದಿಟವನ್ನು ತಿಳಿಯುವ ಹಕ್ಕುಳ್ಳವರು ಯಾರು? ಮಗುವನ್ನು ಒಪ್ಪಿಸಿದ ತಾಯಿತಂದೆಗಳು, ಜೋಳಿಗೆಗೆ ಜೋಳ ನೀಡಿದ ಭಕ್ತರು, ಪಾಟಿ ಹಿಡಿದು ಕೂತ ಮಕ್ಕಳು. ಅವರಲ್ಲಿ ಯಾರಿಗೂ ಮಠವು ಏನನ್ನೂ ಮುಚ್ಚಲಿಲ್ಲ. ಒಳಗಿನ ಪಾಠ ಊರಿಗೆಲ್ಲ ಗೊತ್ತಿತ್ತು. ಹಲಗೆಯನ್ನು ಕುರಿತ ಗುಟ್ಟನ್ನು ಇಡೀ ಊರು ಕಾದುಕೊಂಡು ಬಂದಿತು, ಇದನ್ನು ವಂಚನೆಯೆನ್ನುವದಕ್ಕಿಂತ ಊರಿನ ಒಪ್ಪಂದವೆನ್ನುವದು ಮೇಲು. ಆದರೂ ಹಲಗೆಯ ಮೇಲಿನ ಅಕ್ಷರ ದಿಟವಾಯಿತೆಂದು ನಾನು ಹೇಳಲಾರೆನು. ಒಂದು ರಾಜ್ಯವು ಸಾಧುಪುರುಷನೊಬ್ಬನನ್ನು ಇಂಥ ಹಲಗೆಯ ಹಿಂದೆ ನಿಲ್ಲಿಸುವಂತಾದರೆ, ಸುಳ್ಳಿನ ಭಾರದಲ್ಲಿ ದೊಡ್ಡ ಪಾಲು ರಾಜ್ಯದ ಲೆಕ್ಕಕ್ಕೆ ಸೇರಬೇಕಾದುದೆಂದು ಮಾತ್ರ ಹೇಳುವೆನು. ಪಟ್ಟದ್ದೇವರು ಈ ವಿಷಯದ ಮೇಲೆ ಭಾಷ್ಯಕ್ಕಿಂತ ಪಾಠಶಾಲೆಯನ್ನೇ ಮುಂದಿಟ್ಟರು.

ಭಾಷ್ಯವೆಂದಾಗ ಮತ್ತೊಂದು ಸಂಗತಿ ನೆನಪಿಗೆ ಬರುವದು. ಮಠದೊಳಗೆ ಮಕ್ಕಳು ಕನ್ನಡ ಕಲಿಯುತ್ತಿದ್ದ ಆ ವರ್ಷಗಳಲ್ಲಿಯೇ ಹೊರಗಿನ ವಿದ್ವಲ್ಲೋಕದಲ್ಲಿ ನಮ್ಮ ತತ್ತ್ವಕ್ಕೆ ಸ್ಥಾನವುಂಟೆ ಎಂಬ ವಾದ ನಡೆದಿತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಊರೂರಿನ ತಾಡವೋಲೆಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಆ ಕೆಲಸಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ವಚನಗಳಿಗೆ ಅವರು ಶಾಸ್ತ್ರವೆಂಬ ಹೆಸರನ್ನಿಟ್ಟುದು ಅಲಕ್ಷ್ಯಮಾಡತಕ್ಕ ಮಾತಲ್ಲ. ಪಾಠಶಾಲೆಯ ಪಂಡಿತರ ಲೆಕ್ಕದಲ್ಲಿ ದರ್ಶನವೆನ್ನಿಸಿಕೊಳ್ಳಲು ಬ್ರಹ್ಮಸೂತ್ರಗಳ ಮೇಲೆ ಸಂಸ್ಕೃತದಲ್ಲಿ ಭಾಷ್ಯವಿರಬೇಕು. ಆ ದಾರಿಯಿಂದ ನಡೆದವರೂ ಇದ್ದರು: ಶ್ರೀಪತಿಪಂಡಿತರ ಶ್ರೀಕರಭಾಷ್ಯವನ್ನು ಹಯವದನರಾಯರು 1936ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದರು. ಲಂಡನ್ನಿನಲ್ಲಿ ಡಾಕ್ಟರ ಪದವಿ ಪಡೆದ ಶಿ. ಚ. ನಂದೀಮಠರೂ, ಬೆಳಗಾವಿಯ ಸಾಖರೆಯವರೂ 1942ರಲ್ಲಿ ತಮ್ಮ ಇಂಗ್ಲಿಷ ಗ್ರಂಥಗಳನ್ನು ಹೊರತಂದರು. ಸುರೇಂದ್ರನಾಥ ದಾಸಗುಪ್ತರ ಭಾರತೀಯ ತತ್ತ್ವಶಾಸ್ತ್ರದ ಬೃಹಚ್ಚರಿತ್ರೆಯಲ್ಲಿ ವೀರಶೈವಕ್ಕೆ ಸ್ಥಳ ದೊರೆತುದು ಐದನೆಯ ಸಂಪುಟದಲ್ಲಿ, 1955ರಲ್ಲಿ, ಗ್ರಂಥಕರ್ತರು ತೀರಿಹೋದ ಬಳಿಕ.

ಈ ಎಲ್ಲ ಪರಿಶ್ರಮಗಳಿಗೂ ನಾವು ಋಣಿಗಳು. ಆದರೆ ಭಾಷ್ಯದ ಬಾಗಿಲಿನಿಂದ ಒಳಹೊಕ್ಕರೆ ಲಕ್ಕಮ್ಮನು ಹೊರಗೇ ಉಳಿಯುವಳು. ಆಕೆಯ ಬಳಿ ಸೂತ್ರವಿಲ್ಲ, ಸಂಸ್ಕೃತವಿಲ್ಲ, ಇರುವದು ಮೊರದಲ್ಲಿಯ ಅಕ್ಕಿ ಮಾತ್ರ. ಹಳಕಟ್ಟಿಯವರು ಆಕೆಯನ್ನೇ ಶಾಸ್ತ್ರದೊಳಗೆ ಕರೆತಂದರು. ಪಟ್ಟದ್ದೇವರು ಆಕೆಯ ಮಾತನ್ನು ಓದಬಲ್ಲ ಮಕ್ಕಳನ್ನು ಬೆಳೆಸಿದರು. ವಿಜಾಪುರದ ಅಚ್ಚಿನಮನೆಯಿಂದ ಹೊರಟ ಪುಸ್ತಕ ಔರಾದ ಸೀಮೆಯ ಹಳ್ಳಿಯಲ್ಲಿ ತೆರೆಯಬೇಕಾದರೆ ಅಲ್ಲಿ ಕನ್ನಡ ಅಕ್ಷರ ಬಲ್ಲ ಒಬ್ಬ ಹುಡುಗನಾದರೂ ಬೇಕು. ಎರಡೂ ಕೆಲಸಗಳು ಒಂದನ್ನೊಂದು ಬಯಸಿದವು.

1948ರ ಸಪ್ಟೆಂಬರದಲ್ಲಿ ನಿಜಾಮರ ಆಡಳಿತ ಕೊನೆಗೊಂಡಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ರಝಾಕಾರರಿಂದಲೂ, ಅದರ ಬೆನ್ನಲ್ಲಿಯೇ ಸೇಡಿನಿಂದಲೂ ಈ ಸೀಮೆಯ ಹಳ್ಳಿಗಳು ಪಟ್ಟ ದುಃಖವನ್ನು ಎರಡು ಸಾಲಿನಲ್ಲಿ ಹೇಳುವದು ತರವಲ್ಲ, ಅದು ಬೇರೊಂದು ಲೇಖನದ ವಸ್ತು. ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬಿಟ್ಟು ಇಂಗ್ಲಿಷ ಮಾಧ್ಯಮವನ್ನು ಹಿಡಿಯಿತು. ದಾರುಲ್ ತರ್ಜುಮಾದ ಪರಿಭಾಷೆಗಳು ಪುಸ್ತಕಗಳಲ್ಲಿಯೇ ಉಳಿದವು. ಉರ್ದುವಿನಿಂದ ನೊಂದ ಕನ್ನಡಿಗನಾದರೂ ಇದಕ್ಕೆ ಹರ್ಷಪಡಬೇಕಾಗಿಲ್ಲ. ದೇಶಭಾಷೆಯಲ್ಲಿ ಉಚ್ಚವಿದ್ಯೆ ಎಂಬ ವಾದದ ಅತ್ಯಂತ ಬಲವಾದ ಸಾಕ್ಷಿಯೊಂದು ಅಂದು ಅಳಿಯಿತು.

1956ರ ನವಂಬರ ಒಂದರಂದು ಬೀದರ ಜಿಲ್ಲೆ ಭಾಷೆಯ ಮೇರೆಯ ಮೇಲೆ ಒಡೆಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡು ಕಡೆಯಲ್ಲಿಯೂ ಬೇರೆ ಮಾತಿನ ಮನೆಗಳು ಉಳಿಯದೆ ಇರವು. ಔರಾದ, ಕಮಲನಗರಗಳಲ್ಲಿ ಇಂದಿಗೂ ಮರಾಠಿ ಮನೆಮಾತಾಗಿರುವ ಕುಟುಂಬಗಳು ಬಹಳ. ತಾಂಡಾಗಳಲ್ಲಿ ಲಂಬಾಣಿಯನ್ನಾಡುವರು, ಬೀದರ ಪಟ್ಟಣದ ಓಣಿಗಳಲ್ಲಿ ಉರ್ದುವನ್ನಾಡುವರು. ಈಗ ಕಚೇರಿಯ ಭಾಷೆ ಕನ್ನಡ. ಅಂದು ನಾವು ನಿಜಾಮರಿಗೆ ಹಾಕಿದ ಪ್ರಶ್ನೆಯನ್ನು ಆ ಮನೆಗಳ ಮಗು ನಮಗೆ ಹಾಕುವದು ನ್ಯಾಯವಾದುದು. ಜಿಲ್ಲೆಯಲ್ಲಿ ಮರಾಠಿ ಉರ್ದು ಮಾಧ್ಯಮಗಳ ಸರಕಾರಿ ಶಾಲೆಗಳು ನಡೆದಿರುವದು ಸಮಾಧಾನದ ವಿಷಯ. ತಾಂಡಾದ ಮಗುವಿಗೆ ಮಾತ್ರ ಮೊದಲ ದಿನದ ಪಾಠ ಪರಭಾಷೆಯ ಪಾಠವೇ ಆಗಿರುವದು, ಮತ್ತು ಇದನ್ನು ಮಠಗಳು ಇನ್ನೂ ಸಾಕಷ್ಟು ಯೋಚಿಸಿಲ್ಲವೆಂದು ನನಗೆ ತೋರುವದು.

ಪಟ್ಟದ್ದೇವರು ಮುಂದೆ ಬಸವಕಲ್ಯಾಣದಲ್ಲಿ ಅನುಭವಮಂಟಪದ ಕಟ್ಟಡಕ್ಕಾಗಿ ದುಡಿದು, ಅದು ಎದ್ದುನಿಂತುದನ್ನು ಕಣ್ಣಾರೆ ಕಂಡರು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಬಸವ ಸಮಿತಿಯು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಎರಡೂವರೆ ಸಾವಿರ ವಚನಗಳನ್ನು ಆಯ್ದು, ಭಾರತದ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಮಾಡಿಸಿತು. ಅವುಗಳಲ್ಲಿ ಮರಾಠಿಯ ಸಂಪುಟವೂ ಇರುವದು, ಉರ್ದುವಿನ ಸಂಪುಟವೂ ಇರುವದು.